ಬಾವುಟದ ಬಟ್ಟೆಯಲ್ಲಿ ಉಳಿದ ಚರಕ

ನಮ್ಮ ರಾಷ್ಟ್ರಧ್ವಜದ ನಡುವೆ ಇರುವ ನೀಲಿ ಚಕ್ರ ಯಾವುದು ಅಂತ ಯಾರನ್ನೇ ಕೇಳಿ, ಅಶೋಕ ಚಕ್ರ ಅಂತ ಥಟ್ಟನೆ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಮಂಡಿಸಿದ ಠರಾವನ್ನು ಒಮ್ಮೆ ಓದಿ ನೋಡಿ. ಬಿಳಿ ಪಟ್ಟಿಯ ನಡುವೆ ಚರಕವನ್ನು ಸೂಚಿಸುವ ಒಂದು ಕಡುನೀಲಿ ಚಕ್ರ ಇರಬೇಕು, ಆ ಚಕ್ರದ ವಿನ್ಯಾಸ ಸಾರನಾಥದ ಅಶೋಕ ಸ್ತಂಭದ ಸಿಂಹಗಳ ಕೆಳಗಿರುವ ಚಕ್ರದ ಹಾಗಿರಬೇಕು ಅಂತ ಅದರಲ್ಲಿದೆ. ಆಕಾರ ಅಶೋಕನದು, ಆದರೆ ಅದು ನಿಂತಿರುವುದು ಚರಕದ ಪರವಾಗಿ. ನಾವು ಶಾಲೆಯಲ್ಲಿ ಕಲಿತದ್ದರಲ್ಲಿ ಈ ಎರಡನೇ ಅರ್ಧ ಎಲ್ಲೋ ಕಳೆದುಹೋಗಿದೆ.

ಅದುವರೆಗೆ ಕಾಂಗ್ರೆಸ್ ಬಾವುಟದ ಮೇಲಿದ್ದ ಚರಕ ಹೋಗಿ ಚಕ್ರ ಬಂದದ್ದಕ್ಕೆ ನೆಹರೂ ಅವತ್ತು ಸಭೆಯಲ್ಲಿ ಕೊಟ್ಟ ಕಾರಣ ಕೇಳಿದರೆ ನಗು ಬರುತ್ತದೆ, ಯಾಕೆಂದರೆ ಅದು ಅಷ್ಟು ಸರಳ. ಬಾವುಟಕ್ಕೆ ಎರಡು ಬದಿ ಇರುತ್ತದೆ, ಅಲ್ವಾ? ಎರಡೂ ಬದಿಯಿಂದ ನೋಡಿದಾಗ ಒಂದೇ ಥರ ಕಾಣಬೇಕು ಅನ್ನುವುದು ಬಾವುಟಗಳ ವಿಷಯದಲ್ಲಿ ಸಾಮಾನ್ಯ ನಿಯಮ. ಚರಕಕ್ಕೆ ಒಂದು ಕಡೆ ದೊಡ್ಡ ಗಾಲಿ, ಇನ್ನೊಂದು ಕಡೆ ನೂಲು ಸುತ್ತಿಕೊಳ್ಳುವ ಕದಿರು. ಈ ಬದಿಯಿಂದ ಗಾಲಿ ಕಂಬದ ಕಡೆಗಿದ್ದರೆ ಆ ಬದಿಗೆ ಹೋಗಿ ನೋಡಿದಾಗ ಎಲ್ಲ ತಿರುಗುಮುರುಗು. ಹಾಗಾಗಿ ಕದಿರು, ನೂಲು, ಮಣೆ ಎಲ್ಲ ತೆಗೆದು ಗಾಲಿಯನ್ನು ಮಾತ್ರ ಇಟ್ಟುಕೊಳ್ಳೋಣ ಅಂದರು. ಗಾಲಿ ಅಂದಮೇಲೆ ಯಾವ ಗಾಲಿ? ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿದ ಅಷ್ಟು ಚೆಂದದ ಗಾಲಿಯೊಂದು ಸಾರನಾಥದಲ್ಲಿ ಇತ್ತು. ಸಿಕ್ಕಿಬಿಟ್ಟಿತು.

ಇದನ್ನು ಓದಿದ ಮೇಲೆ ಬಾವುಟದ ಚರಿತ್ರೆಯನ್ನು ನಾನು ಚರಕದ ಕಡೆಯಿಂದ ನೋಡಲು ಶುರು ಮಾಡಿದೆ. ಬಣ್ಣಗಳ ಕಡೆಯಿಂದ ನೋಡುವುದು ಎಲ್ಲರಿಗೂ ಗೊತ್ತಿರುವ ದಾರಿ: ಕೇಸರಿ ತ್ಯಾಗ, ಬಿಳಿ ಶಾಂತಿ, ಹಸಿರು ಸಮೃದ್ಧಿ, ಮುಗಿಯಿತು, ಚಪ್ಪಾಳೆ, ಲಾಡು. ಚರಕದ ಕಡೆಯಿಂದ ನೋಡಿದರೆ ಕಥೆ ಬೇರೆ ಕಾಣುತ್ತದೆ, ಮತ್ತು ಅದರಲ್ಲಿ ನಮ್ಮ ಹುಬ್ಬಳ್ಳಿ, ಮದ್ದೂರು, ಶಿಕಾರಿಪುರ ಎಲ್ಲ ಬರುತ್ತವೆ.

ಮೊದಲಿನ ಬಾವುಟಗಳಲ್ಲಿ ಚರಕ ಇರಲಿಲ್ಲ. 1906ರ ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಾಗಾನ್‌ನಲ್ಲಿ ಹಾರಿಸಿದರು ಅನ್ನುವ ಬಾವುಟದಲ್ಲಿ ಕಮಲ, ಸೂರ್ಯ, ಅರ್ಧಚಂದ್ರ, ವಂದೇ ಮಾತರಂ ಎಲ್ಲ ಇತ್ತು. ಮರುವರ್ಷ ಪರದೇಶದಲ್ಲಿದ್ದ ಹೋರಾಟಗಾರ್ತಿ ಮೇಡಂ ಕಾಮಾ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಮಾಜವಾದಿಗಳ ಸಮ್ಮೇಳನದಲ್ಲಿ ಅದೇ ಜಾಡಿನ ಇನ್ನೊಂದನ್ನು ಬಿಡಿಸಿ ತೋರಿಸಿದರು. 1917ರಲ್ಲಿ ಆನಿ ಬೆಸೆಂಟ್ ಮತ್ತು ತಿಲಕರ ಹೋಮ್ ರೂಲ್ ಬಾವುಟದಲ್ಲಿ ಐದು ಕೆಂಪು ಪಟ್ಟಿ, ನಾಲ್ಕು ಹಸಿರು ಪಟ್ಟಿ, ಏಳು ನಕ್ಷತ್ರ, ಜತೆಗೆ ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜ್ಯಾಕ್ ಕೂಡ ಇತ್ತು! ಆಗ ಕೇಳುತ್ತಿದ್ದದ್ದು ಸಾಮ್ರಾಜ್ಯದ ಒಳಗೇ ಸ್ವರಾಜ್ಯ, ಹಾಗಾಗಿ ಅದು ಇರಬೇಕಿತ್ತೇನೋ. ಆದರೆ ಜನ ಅದನ್ನು ತಮ್ಮದು ಅಂದುಕೊಳ್ಳಲಿಲ್ಲ. ಇವೆಲ್ಲ ಓದಿದವರ ಕೈಯಲ್ಲಿ ಹುಟ್ಟಿದ ಬಾವುಟಗಳು. ಚೆನ್ನಾಗಿದ್ದವು, ಸಿಕ್ಕಾಪಟ್ಟೆ ತುಂಬಿಕೊಂಡಿದ್ದವು, ಹಳ್ಳಿಯಲ್ಲಿ ಯಾರಿಗೂ ಹೊಲಿಯಲು ಬರುವಂತಿರಲಿಲ್ಲ.

1921ರಲ್ಲಿ ಬೆಜವಾಡದಲ್ಲಿ (ಈಗಿನ ವಿಜಯವಾಡ) ಕಾಂಗ್ರೆಸ್ ಸಮಿತಿಯ ಸಭೆ. ಅಲ್ಲಿ ಪಿಂಗಳಿ ವೆಂಕಯ್ಯ ಅನ್ನುವ ಆಂಧ್ರದ ಮನುಷ್ಯ ಗಾಂಧೀಜಿಗೆ ಬಾವುಟದ ವಿನ್ಯಾಸ ತೋರಿಸಿದರು. ಈ ವೆಂಕಯ್ಯ ವಿಚಿತ್ರ ಆಸಾಮಿ. ಬೋಯರ್ ಯುದ್ಧದ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದವರು, ಬಾವುಟಗಳ ಬಗ್ಗೆ 1916ರಲ್ಲೇ ಒಂದು ಕಿರುಪುಸ್ತಕ ಬರೆದವರು, ಹತ್ತಿಯ ತಳಿಗಳ ಮೇಲೆ ಎಷ್ಟು ಕೆಲಸ ಮಾಡಿದ್ದರೆಂದರೆ ಊರಿನವರು ಅವರನ್ನು ಪತ್ತಿ ವೆಂಕಯ್ಯ ಅಂತಲೇ ಕರೆಯುತ್ತಿದ್ದರು. ಹತ್ತಿಯ ಮನುಷ್ಯನೇ ಬಾವುಟ ತಂದದ್ದು ನನಗೆ ಬಹಳ ಇಷ್ಟವಾಗುವ ಕಾಕತಾಳೀಯ. ಅವರು ತಂದದ್ದು ಎರಡು ಬಣ್ಣ, ಕೆಂಪು ಮತ್ತು ಹಸಿರು. ಚರಕ ಇರಲಿ ಅಂದದ್ದು ಜಲಂಧರದ ಲಾಲಾ ಹನ್ಸರಾಜ್. ಬಿಳಿ ಪಟ್ಟಿಯೂ ಬೇಕು ಅಂದದ್ದು ಗಾಂಧೀಜಿ, ಉಳಿದ ಧರ್ಮದವರಿಗಾಗಿ.

ಆ ಬಾವುಟದ ಬಗ್ಗೆ ಗಾಂಧೀಜಿ ಆ ವರ್ಷದ ಏಪ್ರಿಲ್‌ನಲ್ಲಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು. ಬಣ್ಣಗಳು ಧರ್ಮಗಳಿಗೆ, ಆದರೆ ನಡುವಿನ ಚರಕ ಎಲ್ಲರಿಗೂ. ಮತ್ತೊಂದು ಮಾತನ್ನೂ ಸೇರಿಸಿದರು: ಬಾವುಟದ ಬಟ್ಟೆ ಖಾದಿಯದ್ದೇ ಆಗಿರಬೇಕು. ಪರದೇಶದ ಬಟ್ಟೆಯ ಮೇಲೆ ಸ್ವರಾಜ್ಯದ ಚಿತ್ರ ಬರೆದರೆ ಅದು ಜೋಕ್ ಆಗುತ್ತಿತ್ತು. ಹೀಗೆ ಚರಕ ಬಾವುಟದೊಳಗೆ ಎರಡು ದಾರಿಯಿಂದ ಬಂತು, ಒಂದು ಮೇಲಿನ ಚಿತ್ರವಾಗಿ, ಇನ್ನೊಂದು ಬಟ್ಟೆಯ ಎಳೆಯಾಗಿ. ಈ ಎರಡು ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಬಾವುಟದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ ಇತ್ತು. ಚಿಕ್ಕ ಸಮುದಾಯಗಳ ಬಣ್ಣ ಎಲ್ಲಕ್ಕಿಂತ ಮೇಲೆ. ಆಲೋಚನೆ ಒಳ್ಳೆಯದೇ, ಆದರೆ ಧರ್ಮಕ್ಕೊಂದು ಬಣ್ಣ ಅಂತ ಶುರು ಮಾಡಿದರೆ ಅದು ಎಲ್ಲಿ ನಿಲ್ಲುತ್ತದೆ? ನಮ್ಮ ಬಣ್ಣ ಎಲ್ಲಿ ಅಂತ ಸಿಖ್ಖರು ಕೇಳಿದರು, ಕೇಳಿದ್ದು ಸರಿಯೇ ಇತ್ತು. ಈ ಜಗಳ ವರ್ಷಗಟ್ಟಲೆ ನಡೆಯಿತು.

ಇಲ್ಲಿ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಬರುತ್ತಾರೆ. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಸಿವಿಲ್ ಲೈನ್ಸ್ ಅನ್ನುವ ಸಾಹೇಬರ ಬಡಾವಣೆಯಲ್ಲಿ ಬಾವುಟ ಹಿಡಿದು ಮೆರವಣಿಗೆ ಹೋಗಬಾರದು ಅಂತ ನಿಷೇಧ, ಹೋಗಿಯೇ ತೀರುತ್ತೇವೆ ಅಂತ ಜನ, ಬೇರೆ ಬೇರೆ ಪ್ರಾಂತಗಳಿಂದ ತಂಡ ತಂಡವಾಗಿ ಬಂದು ಜೈಲು ಸೇರಿದರು. ಜಮ್ನಾಲಾಲ್ ಬಜಾಜ್ ಮುಂದೆ ನಿಂತರು, ಅವರು ಒಳಗೆ ಹೋದಮೇಲೆ ವಲ್ಲಭಭಾಯಿ ಪಟೇಲರು ವಹಿಸಿಕೊಂಡರು. ಹುಬ್ಬಳ್ಳಿ ಕಡೆಯಿಂದ ಹೋದ ತಂಡದಲ್ಲಿ ಹರ್ಡೀಕರ್ ಇದ್ದರು. ಜೈಲಿನ ಕಷ್ಟ ತಡೆಯಲಾರದೆ ಎಷ್ಟೋ ಜನ ಕ್ಷಮೆ ಬರೆದುಕೊಟ್ಟು ಹೊರಬಂದರಂತೆ, ಹುಬ್ಬಳ್ಳಿಯವರು ಬರೆದುಕೊಡಲಿಲ್ಲವಂತೆ. ಉತ್ಸಾಹ ಸಾಲದು, ಶಿಸ್ತೂ ಬೇಕು ಅಂತ ಹರ್ಡೀಕರರಿಗೆ ಅಲ್ಲೇ ಅನ್ನಿಸಿದ್ದು. ಆ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾ ದಳ ಅನ್ನುವ ಸ್ವಯಂಸೇವಕರ ಪಡೆ ಹುಟ್ಟಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಊರೂರಲ್ಲಿ ಧ್ವಜವಂದನೆ ಮಾಡುವ ರೂಢಿ ತಂದದ್ದು ಈ ದಳ. ಬಾವುಟ ಮೇಲೇರುವಾಗ ಸಾಲಾಗಿ ನೆಟ್ಟಗೆ ನಿಲ್ಲುವುದನ್ನು ನಾವು ಈಗ ಎಷ್ಟು ಸಹಜ ಅಂದುಕೊಂಡಿದ್ದೇವೆ ನೋಡಿ, ಯಾರೋ ಒಬ್ಬರು ಅದನ್ನು ಊರೂರಿಗೆ ಕಲಿಸಬೇಕಾಗಿತ್ತು.

1931ರಲ್ಲಿ ಕರಾಚಿ ಕಾಂಗ್ರೆಸ್ ಬಾವುಟದ ಜಗಳ ಬಗೆಹರಿಸಲು ಏಳು ಜನರ ಸಮಿತಿ ಮಾಡಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ, ಮತ್ತು ನಮ್ಮ ಹರ್ಡೀಕರ್. ಇಂಥ ಘಟಾನುಘಟಿಗಳ ಸಮಿತಿ ಕೊಟ್ಟ ಸಲಹೆ ಏನು ಗೊತ್ತಾ? ಇಡೀ ಬಾವುಟ ಒಂದೇ ಕೇಸರಿ ಬಣ್ಣ, ಮೂಲೆಯಲ್ಲಿ ಕೆಂಗಂದು ಬಣ್ಣದ ಚರಕ. ಧರ್ಮಕ್ಕೊಂದು ಬಣ್ಣ ಅನ್ನುವ ಲೆಕ್ಕಾಚಾರವೇ ಬೇಡ, ಎಲ್ಲರಿಗೂ ಸೇರಿ ಒಂದೇ ಬಣ್ಣ ಸಾಕು ಅನ್ನುವುದು ಅವರ ತರ್ಕ. ಆಗಸ್ಟ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಇದನ್ನು ಒಪ್ಪಲಿಲ್ಲ. ಹತ್ತು ವರ್ಷದಿಂದ ಜನ ತ್ರಿವರ್ಣ ಹಿಡಿದು ಏಟು ತಿಂದಿದ್ದಾರೆ, ಈಗ ಬಣ್ಣ ತೆಗೆಯಿರಿ ಅಂದರೆ ಹೇಗೆ? ಮೂರು ಬಣ್ಣ ಉಳಿಯಿತು, ಕೆಂಪು ಕೇಸರಿಯಾಯಿತು, ಮೇಲಕ್ಕೆ ಹೋಯಿತು. ಬಿಳಿ ನಡುವೆ ಬಂತು, ಅದರ ಮೇಲೆ ನೀಲಿ ಚರಕ.

ಜತೆಗೆ ಅರ್ಥವನ್ನೂ ಬದಲಾಯಿಸಿದರು. ಬಣ್ಣಗಳಿಗೂ ಧರ್ಮಗಳಿಗೂ ಸಂಬಂಧವಿಲ್ಲ ಅಂತ ಠರಾವಿನಲ್ಲೇ ಬರೆದರು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಶಾಂತಿ ಮತ್ತು ಸತ್ಯ, ಹಸಿರು ಶ್ರದ್ಧೆ ಮತ್ತು ಶೌರ್ಯ. ಚರಕ ಜನಸಾಮಾನ್ಯರ ಭರವಸೆ. ನಾವು ಬಾಯಿಪಾಠ ಮಾಡುವ ಅರ್ಥಗಳು ಹುಟ್ಟಿದ್ದು ಹೀಗೆ, ಒಂದು ಜಗಳದ ರಾಜಿಯಾಗಿ. ಇದನ್ನು ಹೇಳಿದರೆ ಕೆಲವರಿಗೆ ಬೇಸರ, ಬಾವುಟದ ಮಹಿಮೆ ಕಡಿಮೆಯಾಯಿತು ಅಂತ. ನನಗೆ ಹಾಗನ್ನಿಸುವುದಿಲ್ಲ. ಕೂತು ಜಗಳಾಡಿ, ಸಮಿತಿ ಮಾಡಿ, ಸಮಿತಿಯ ಮಾತನ್ನೂ ತಳ್ಳಿಹಾಕಿ, ಕೊನೆಗೆ ಎಲ್ಲರೂ ಅದರ ಕೆಳಗೆ ನಿಲ್ಲುವಂಥ ಒಂದನ್ನು ಮಾಡಿಕೊಂಡದ್ದು ಆಕಾಶದಿಂದ ಇಳಿದುಬಂದದ್ದಕ್ಕಿಂತ ಹೆಚ್ಚಿನ ವಿಷಯ.

ಆದರೆ ಠರಾವಿನಲ್ಲಿ ಬರೆದ ಅರ್ಥಕ್ಕಾಗಿ ಯಾರೂ ಗುಂಡಿಗೆ ಎದೆ ಕೊಡುವುದಿಲ್ಲ. ಅದು ಬೇರೆ ಕಡೆ ಆಗಬೇಕಿತ್ತು.

ಮೈಸೂರು ಸಂಸ್ಥಾನದಲ್ಲಿ ನೇರವಾಗಿ ಬ್ರಿಟಿಷರ ಆಳ್ವಿಕೆ ಇರಲಿಲ್ಲ. ಮಹಾರಾಜರಿದ್ದರು, ದಿವಾನರಾಗಿ ಮಿರ್ಜಾ ಇಸ್ಮಾಯಿಲ್ ಇದ್ದರು, ಗಂಡಭೇರುಂಡದ ಸ್ವಂತ ಬಾವುಟವಿತ್ತು, ಆಡಳಿತ ಚೆನ್ನಾಗಿದೆ ಅಂತ ಹೊರಗಿನವರೂ ಹೊಗಳುತ್ತಿದ್ದರು. ಅಂಥ ಕಡೆ ಕಾಂಗ್ರೆಸ್ ಬಾವುಟ ಹಾರಿಸುವುದು ಏನನ್ನು ಹೇಳುತ್ತದೆ? ನಾವು ನಿಮ್ಮ ಪ್ರಜೆಗಳೇ, ಆದರೆ ಅದಕ್ಕಿಂತ ದೊಡ್ಡದೊಂದಕ್ಕೂ ಸೇರಿದವರು ಅಂತ. ಸಂಸ್ಥಾನಕ್ಕೆ ಚುಚ್ಚಿದ್ದು ಅದೇ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಇಟ್ಟುಕೊಂಡಿತು, ಸರಕಾರ ಬಾವುಟ ಹಾರಿಸಕೂಡದು ಅಂತ ಆಜ್ಞೆ ಹೊರಡಿಸಿತು. ಸುತ್ತಲ ಊರುಗಳಿಂದ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದರು, ಬಹುಪಾಲು ರೈತರು. ಏಪ್ರಿಲ್ 11ರಂದು ಅಧಿವೇಶನದ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಬಾವುಟ ಏರಿಸಲು ಹೋದರು, ಬಂಧನವಾಯಿತು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು.

ಶಿವಪುರದ ಬಿಸಿ ಆರುವ ಮುಂಚೆ, ಅದೇ ತಿಂಗಳ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆಯ ಹೊತ್ತಿಗೆ ಜನ ಸೇರಿದ್ದರು. ಅಲ್ಲೂ ನಿಷೇಧ, ಅಲ್ಲೂ ಬಾವುಟ. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ, ಅದು ಯಾವಾಗಲೂ ಹಾಗೇ ಅಲ್ವಾ. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಆ ಊರಿಗೆ ಹೆಸರು ಬಂತು. ಆಮೇಲೆ ಪಟೇಲರೂ ಕೃಪಲಾನಿಯವರೂ ಮೈಸೂರಿಗೆ ಬಂದು ಮಿರ್ಜಾರ ಜತೆ ಮಾತಾಡಿದರು. ಅದೇ ಮಿರ್ಜಾ-ಪಟೇಲ್ ಒಪ್ಪಂದ. ಮೈಸೂರಿನ ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಆಯಿತು. ಎರಡು ಬಾವುಟ ಅಕ್ಕಪಕ್ಕ ಹಾರಲು ಅಷ್ಟು ಜನ ಸಾಯಬೇಕಾಯಿತು.

ಈಸೂರಿನ ಕಥೆ ಇನ್ನೂ ಬಿಸಿ. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು 1942ರ ಸೆಪ್ಟೆಂಬರ್‌ನಲ್ಲಿ ಕಂದಾಯ ಕಟ್ಟುವುದಿಲ್ಲ ಅಂದರು, ಊರಿನ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು, ನಮ್ಮದು ಸ್ವತಂತ್ರ ಸರಕಾರ ಅಂತ ಸಾರಿ ಊರಿನ ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿದರು. ಆಟದ ಹಾಗೆ ಕಾಣುತ್ತದೆ. ಆದರೆ ನಿಜವಾದ ಅಮಲ್ದಾರರು ಪೊಲೀಸರ ಜತೆ ಊರಿಗೆ ಬಂದ ದಿನ ಗಲಾಟೆ ಕೈಮೀರಿತು. ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಆಮೇಲೆ ಊರಿನ ಮೇಲೆ ಬಿದ್ದ ದಾಳಿಯಲ್ಲಿ ಮನೆಗಳು ಹೋದವು, 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನುವ ಮಾತು ಇವತ್ತಿಗೂ ಭಾಷಣಗಳಲ್ಲಿ ಸುಲಭವಾಗಿ ಬರುತ್ತದೆ, ಆ ಗಲಾಟೆಯಲ್ಲಿ ಎರಡೂ ಕಡೆ ಜನ ಸತ್ತರು ಅನ್ನುವುದನ್ನು ಹೇಳುವವರು ಕಡಿಮೆ. ಗಾಂಧಿಯ ಚರಕ ಇದ್ದ ಬಾವುಟದ ಕೆಳಗೆ ನಡೆದದ್ದಿದು. ಬಾವುಟದ ಚರಿತ್ರೆ ಬಾವುಟದಷ್ಟು ಬೆಳ್ಳಗೆ ಇರುವುದಿಲ್ಲ.

1947ಕ್ಕೆ ವಾಪಸ್ ಬರೋಣ. ಜೂನ್‌ನಲ್ಲಿ ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ಬಾವುಟ ಸಮಿತಿ. ಅದರಲ್ಲಿ ಆಜಾದ್, ಸರೋಜಿನಿ ನಾಯ್ಡು, ರಾಜಾಜಿ, ಮುನ್ಷಿ, ಅಂಬೇಡ್ಕರ್ ಎಲ್ಲ ಇದ್ದರು. ಒಂದು ಪಕ್ಷದ ಬಾವುಟವನ್ನು ದೇಶದ ಬಾವುಟ ಮಾಡುವುದು ಹೇಗೆ ಅನ್ನುವುದು ಮುಖ್ಯ ಪ್ರಶ್ನೆ. ಬಣ್ಣ ಹಾಗೇ ಇಟ್ಟು ಚರಕದ ಜಾಗಕ್ಕೆ ಚಕ್ರ ತಂದರೆ ಪಕ್ಷದ ಗುರುತು ಹೋಗುತ್ತದೆ, ನೆನಪು ಉಳಿಯುತ್ತದೆ. ಎರಡು ಬದಿಯ ತೊಂದರೆಯೂ ನೀಗುತ್ತದೆ. ಜುಲೈ 22ರಂದು ನೆಹರೂ ಸಭೆಗೆ ಎರಡು ಬಾವುಟ ತಂದು ತೋರಿಸಿದರು, ಒಂದು ಖಾದಿ ರೇಷ್ಮೆಯದು, ಇನ್ನೊಂದು ಖಾದಿ ಹತ್ತಿಯದು.

ಅವತ್ತಿನ ಚರ್ಚೆ ಓದಲು ಮಜವಾಗಿದೆ. ಮಂಗಳೂರು ಮೂಲದ ಎಚ್.ವಿ. ಕಾಮತ್ ಚಕ್ರದ ಒಳಗೆ ಸ್ವಸ್ತಿಕ ಇರಲಿ ಅಂತ ತಿದ್ದುಪಡಿ ಕೊಟ್ಟಿದ್ದರು, ಬಾವುಟ ಕಣ್ಣಾರೆ ನೋಡಿದ ಮೇಲೆ ವಾಪಸ್ ತೆಗೆದುಕೊಂಡರು. ಒಳ್ಳೆಯದಾಯಿತು, ಚಕ್ರದೊಳಗೆ ಇನ್ನೊಂದು ಚಿತ್ರ ತುರುಕಿದ್ದರೆ 1906ರ ತಪ್ಪೇ ಮತ್ತೆ ಆಗುತ್ತಿತ್ತು. ರಾಧಾಕೃಷ್ಣನ್ ಬಣ್ಣಗಳಿಗೆ ಮತ್ತೊಂದು ಸುತ್ತು ಅರ್ಥ ಕೊಟ್ಟರು: ಕೇಸರಿ ಅಂದರೆ ನಾಯಕರು ತಮ್ಮ ಲಾಭ ನೋಡದೆ ಇರಬೇಕು, ಬಿಳಿ ಸತ್ಯದ ದಾರಿಯ ಬೆಳಕು, ಹಸಿರು ನಮಗೂ ಮಣ್ಣಿಗೂ ಗಿಡಮರಗಳಿಗೂ ಇರುವ ನಂಟು, ಚಕ್ರ ಧರ್ಮ ಮತ್ತು ಚಲನೆ. 1921ರಲ್ಲಿ ಒಂದು ಅರ್ಥ, 1931ರಲ್ಲಿ ಒಂದು, 1947ರಲ್ಲಿ ಇನ್ನೊಂದು. ಇದರ ಮೇಲೆ ಈಗ ವಾಟ್ಸಾಪ್‌ನಲ್ಲಿ ಚಕ್ರದ 24 ಅರಗಳು ಅಂದರೆ 24 ಗುಣಗಳು ಅಂತ ಪಟ್ಟಿ ಓಡಾಡುತ್ತದೆ. ಠರಾವಿನಲ್ಲಿ ಅಂಥ ಪಟ್ಟಿ ಇಲ್ಲ, ಅರಗಳ ಲೆಕ್ಕವೂ ಇಲ್ಲ. ಸಾರನಾಥದ ಚಕ್ರಕ್ಕೆ 24 ಅರಗಳಿದ್ದವು, ನಮ್ಮದಕ್ಕೂ 24 ಬಂದವು, ಅಷ್ಟೇ.

ಅಶೋಕನ ವಿಷಯ ಬಂತು ಅಂತ ಒಂದು ಮಾತು, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ. ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಇರುತ್ತಿತ್ತೇ ಹೊರತು ಅದು ಅಶೋಕನೇ ಅನ್ನುವುದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಬೇಕಿತ್ತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಒಬ್ಬ ಎಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಅದಾಗಿ 32 ವರ್ಷಕ್ಕೆ ಆತನ ಚಕ್ರ ದೇಶದ ಬಾವುಟದಲ್ಲಿ ಬಂತು. ಮಸ್ಕಿಯ ಬಗ್ಗೆ ನಾವು ಇನ್ನಷ್ಟು ಜಂಬ ಪಡಬಹುದು ಅನ್ನಿಸುತ್ತದೆ.

ಗಾಂಧೀಜಿಗೆ ಮಾತ್ರ ಈ ಬದಲಾವಣೆ ಹಿಡಿಸಲಿಲ್ಲ. ಆಗಸ್ಟ್ ಮೊದಲ ವಾರ ಲಾಹೋರಿನಲ್ಲಿ ಅವರು ನೇರವಾಗಿಯೇ ಹೇಳಿದರು, ಚರಕ ಇಲ್ಲದ ಬಾವುಟಕ್ಕೆ ನಾನು ವಂದಿಸುವುದಿಲ್ಲ ಅಂತ. ಅವರ ದೃಷ್ಟಿಯಲ್ಲಿ ಚರಕ ಅಂದರೆ ಬಡವನ ಮನೆಯೊಳಗೆ ನಡೆಯುವ ಕೆಲಸ, ಅಶೋಕ ಎಷ್ಟು ಒಳ್ಳೆಯವನಾದರೂ ಚಕ್ರವರ್ತಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿನ್ಯಾಸದ ದೃಷ್ಟಿಯಿಂದ ನೆಹರೂ ಮಾಡಿದ್ದೇ ಸರಿ ಅಂತಲೂ ಅನ್ನಿಸುತ್ತದೆ. ದೂರದಿಂದ ಚರಕ ಏನೋ ಗೀಚಿದ ಹಾಗೆ ಕಾಣುತ್ತಿತ್ತು, ಚಕ್ರ ಎಲ್ಲಿಂದ ನೋಡಿದರೂ ಚಕ್ರವೇ.

ಚಿತ್ರದಿಂದ ಚರಕ ಹೋಯಿತು. ಎರಡನೇ ದಾರಿ ಮಾತ್ರ ತೆರೆದೇ ಇತ್ತು. ಬಾವುಟದ ಬಟ್ಟೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯೇ ಆಗಿರಬೇಕು ಅನ್ನುವುದು ನಿಯಮವಾಗಿ ಉಳಿಯಿತು. ಸ್ವತಂತ್ರ ಭಾರತದ ಗುಣಮಟ್ಟ ಸಂಸ್ಥೆ 1951ರಲ್ಲಿ ಬಾವುಟಕ್ಕೆ ಮಾನದಂಡ ಬರೆಯಿತು, ಅದರ ಸಂಖ್ಯೆ ಐಎಸ್ 1. ದೇಶದ ಮಾನದಂಡಗಳ ಪಟ್ಟಿಯಲ್ಲಿ ನಂಬರ್ ಒನ್. ಸಿಮೆಂಟಿಗೂ ಕಬ್ಬಿಣಕ್ಕೂ ಕೊಡದ ಮೊದಲ ಸಂಖ್ಯೆಯನ್ನು ಬಾವುಟಕ್ಕೆ ಕೊಟ್ಟರು. ಎಳೆ ಎಷ್ಟು, ತೂಕ ಎಷ್ಟು, ಬಣ್ಣ ಬಿಸಿಲಿಗೆ ಎಷ್ಟು ತಡೆಯಬೇಕು, ಹೊಲಿಗೆ ಹೇಗಿರಬೇಕು ಎಲ್ಲ ಅದರಲ್ಲಿದೆ. ಅಳತೆ ಒಂಬತ್ತು ಬಗೆ, ಅತಿ ದೊಡ್ಡದು 6300 ಮಿ.ಮೀ. ಉದ್ದ 4200 ಮಿ.ಮೀ. ಅಗಲ, ಅತಿ ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100. ಯಾವುದನ್ನು ತೆಗೆದುಕೊಂಡರೂ ಉದ್ದ-ಅಗಲ ಮೂರಕ್ಕೆ ಎರಡು.

ಈ ಬಟ್ಟೆ ಮತ್ತು ಬಾವುಟದ ಕೆಲಸ ಹೆಚ್ಚಾಗಿ ಉತ್ತರ ಕರ್ನಾಟಕದಲ್ಲಿ ನೆಲೆ ನಿಂತಿತು. ಧಾರವಾಡದ ಹತ್ತಿರದ ಗರಗದಲ್ಲಿ ಐವತ್ತರ ದಶಕದಿಂದಲೇ ಬಾವುಟದ ಖಾದಿ ನೇಯುತ್ತಿದ್ದಾರೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ, ಮಾನದಂಡದ ಮುದ್ರೆ ಪಡೆದು ಬಾವುಟ ತಯಾರಿಸುವುದಕ್ಕೆ ದೇಶದಲ್ಲೇ ಹೆಸರಾದದ್ದು. ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯ ಮಗ್ಗಗಳಿಂದ ಬರುತ್ತದೆ. ನೂಲುವವರು, ಹೊಲಿಯುವವರು ಬಹುಪಾಲು ಹೆಂಗಸರು.

ಕೆಲಸದ ಕ್ರಮ ಹೀಗೆ. ನೂಲು, ನೇಯ್ಗೆ ಆದಮೇಲೆ ಬಟ್ಟೆಯನ್ನು ಬಿಳುಪು ಮಾಡಿ ಕೇಸರಿಗೆ, ಹಸಿರಿಗೆ ಬೇರೆ ಬೇರೆಯಾಗಿ ಬಣ್ಣ ಹಾಕುತ್ತಾರೆ. ಬಿಳಿ ಬಟ್ಟೆಯ ಮೇಲೆ ಚಕ್ರದ ಅಚ್ಚು. ಆಮೇಲೆ ಮೂರು ಪಟ್ಟಿ ಸೇರಿಸಿ ಹೊಲಿಗೆ, ಕಂಬದ ಕಡೆಗೆ ದಪ್ಪ ಬಟ್ಟೆಯ ತೋಳು, ಅದರೊಳಗೆ ಹಗ್ಗ, ತುದಿಗೆ ಮರದ ಗೂಟ. ಇದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮದ್ದು ಚಕ್ರ. ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು, ಈ ಬದಿಯ ಅರ ಆ ಬದಿಯ ಅರದ ಮೇಲೆ ಕರಾರುವಾಕ್ಕಾಗಿ ಕೂರಬೇಕು, ಕೂದಲೆಳೆ ಜರುಗಿದರೂ ಬೆಳಕಿಗೆ ಹಿಡಿದಾಗ ಎರಡು ಚಕ್ರ ಕಾಣುತ್ತದೆ. ದೆಹಲಿಯ ಸಭೆಯಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು ಅಂತ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಬಾವುಟ ಬಾವುಟಕ್ಕೂ ಕೈಯಿಂದ ಮಾಡಿ ತೋರಿಸಬೇಕು.

ಇನ್ನು ಹಾರಿಸುವ ಹಕ್ಕಿನ ವಿಷಯ. ಎಷ್ಟೋ ವರ್ಷ ಕೆಲವು ನಿಗದಿತ ದಿನ ಬಿಟ್ಟರೆ ಸಾಮಾನ್ಯ ಜನ ತಮ್ಮ ಮನೆಯ ಮೇಲೆ ಬಾವುಟ ಹಾರಿಸುವಂತಿರಲಿಲ್ಲ. ಬಾವುಟಕ್ಕಾಗಿ ಜೈಲಿಗೆ ಹೋದವರ ಮೊಮ್ಮಕ್ಕಳೇ ಸುಮ್ನೆ ಒಂದು ದಿನ ಅದನ್ನು ಹಾರಿಸಿದರೆ ತಪ್ಪು! ಉದ್ಯಮಿ ನವೀನ್ ಜಿಂದಾಲ್ ತಮ್ಮ ಕಾರ್ಖಾನೆಯಲ್ಲಿ ಬಾವುಟ ಹಾರಿಸಿ, ಅಧಿಕಾರಿಗಳು ತಡೆದಾಗ ಕೋರ್ಟಿಗೆ ಹೋದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಬಂದು ಎಲ್ಲರಿಗೂ ಎಲ್ಲ ದಿನವೂ ಅವಕಾಶ ಸಿಕ್ಕಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗೌರವದಿಂದ ಬಾವುಟ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿತು.

ಆಮೇಲೆ ಬಂದದ್ದು 2021ರ ಡಿಸೆಂಬರ್ 30ರ ತಿದ್ದುಪಡಿ. ಕೈಯಲ್ಲಿ ನೂತು ನೇಯ್ದ ಖಾದಿಯ ಜತೆಗೆ ಯಂತ್ರದಲ್ಲಿ ಮಾಡಿದ್ದು, ಪಾಲಿಯೆಸ್ಟರ್ ಕೂಡ ಆಗಬಹುದು ಅಂತ. 2022ರ ಆಗಸ್ಟ್‌ನಲ್ಲಿ ಹರ್ ಘರ್ ತಿರಂಗಾ ಅಭಿಯಾನ. ಮನೆ ಮನೆಗೆ ಬಾವುಟ ತಲುಪಬೇಕಾದರೆ ಖಾದಿಯಲ್ಲಿ ಅಷ್ಟು ಮಾಡುವುದು ಸಾಧ್ಯವೇ ಇರಲಿಲ್ಲ, ಇದು ನಿಜ, ಒಪ್ಪಲೇಬೇಕು. ಖಾದಿ ಬಾವುಟದ ಬೆಲೆ ಜಾಸ್ತಿ, ಮಳೆಯಲ್ಲಿ ನೆನೆದರೆ ಭಾರ, ಬಿಸಿಲಿಗೆ ಬೇಗ ಬಣ್ಣ ಕೆಡುತ್ತದೆ. ಬೆಳಗಾವಿಯ ಕೋಟೆ ಕೆರೆಯ ಪಕ್ಕದಲ್ಲಿ 2018ರಲ್ಲಿ ನಿಲ್ಲಿಸಿದ 110 ಮೀಟರ್ ಕಂಬದಂಥ ಕಂಬಗಳಂತೂ ಬೇರೆಯೇ ಲೋಕ, ಅಷ್ಟು ಎತ್ತರದ ಗಾಳಿಗೆ ಯಾವ ಬಟ್ಟೆಯೂ ಬಹಳ ದಿನ ತಾಳುವುದಿಲ್ಲ. (ಕಂಬದ ಎತ್ತರಕ್ಕೂ ದೇಶಪ್ರೇಮದ ಎತ್ತರಕ್ಕೂ ಸಂಬಂಧ ಕಲ್ಪಿಸುವ ಹೊಸ ಗೀಳಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಆದರೆ ಆ ತಿದ್ದುಪಡಿಯಿಂದ ಏನು ಹೋಯಿತು ಅನ್ನುವುದೂ ನಮಗೆ ಗೊತ್ತಿರಬೇಕು. 1947ರಲ್ಲಿ ಚಿತ್ರದಿಂದ ಹೋದ ಚರಕ ಬಟ್ಟೆಯಲ್ಲಿ ಬದುಕಿತ್ತು. ಬಡವರ ಮನೆಯ ಕೆಲಸ ದೇಶದ ಗುರುತಿನೊಳಗೆ ಸೇರಿರಬೇಕು ಅನ್ನುವ ಗಾಂಧಿಯ ಹಟ 74 ವರ್ಷ ಎಳೆಯ ರೂಪದಲ್ಲಿ ಉಳಿದಿತ್ತು. ಜಗತ್ತಿನ ಬೇರೆ ದೇಶಗಳ ಬಾವುಟಗಳಲ್ಲಿ ಸಂಕೇತ ಇರುವುದು ಬಣ್ಣದಲ್ಲಿ, ಚಿತ್ರದಲ್ಲಿ. ನಮ್ಮದರಲ್ಲಿ ಬಟ್ಟೆಯೇ ಸಂಕೇತವಾಗಿತ್ತು, ಬಾವುಟ ಕೊಂಡರೆ ಯಾವುದೋ ಹಳ್ಳಿಯ ನೂಲುವವಳಿಗೆ ಒಂದಷ್ಟು ಕೂಲಿ ಹೋಗುತ್ತಿತ್ತು. ಪಾಲಿಯೆಸ್ಟರ್ ಬಾವುಟದ ಮೇಲೆ ಚರಕವನ್ನು ಸೂಚಿಸುವ ಚಕ್ರ ಅಚ್ಚಾಗಿರುವುದನ್ನು ನೋಡಿದರೆ ನನಗೆ ಸ್ವಲ್ಪ ಇರುಸುಮುರುಸಾಗುತ್ತದೆ. 2022ರ ಜುಲೈನಲ್ಲಿ ಬೆಂಗೇರಿಯವರು ಪ್ರತಿಭಟನೆಗೆ ಇಳಿದಾಗ ಅದನ್ನು ಆರ್ಡರ್ ಕಳೆದುಕೊಂಡವರ ಗೊಣಗಾಟ ಅಂತ ಬಹಳ ಜನ ನೋಡಿದರು. ಆರ್ಡರ್ ಕಳೆದುಕೊಳ್ಳುವುದೇನು ಸಣ್ಣ ವಿಷಯವಾ? ಗಾಂಧಿ ಚರಕವನ್ನು ಬಾವುಟಕ್ಕೆ ತಂದದ್ದೇ ಜನರ ಕೈಗೆ ಕೆಲಸ ಸಿಗಲಿ ಅಂತ.

ನನ್ನ ಲೆಕ್ಕ ಇಷ್ಟು. ಮನೆಗೆ, ಅಂಗಡಿಗೆ, ಆಟೋಗೆ ಯಾರು ಯಾವ ಬಟ್ಟೆಯ ಬಾವುಟ ಕಟ್ಟಿದರೂ ತಕರಾರಿಲ್ಲ, ಹಾರಿಸುವ ಹಕ್ಕು ಸುಲಭಕ್ಕೆ ಸಿಕ್ಕಿದ್ದಲ್ಲ. ಆದರೆ ವಿಧಾನಸೌಧದಿಂದ ಗ್ರಾಮ ಪಂಚಾಯಿತಿಯವರೆಗೆ, ಸರಕಾರದ ದುಡ್ಡಿನಲ್ಲಿ ಕೊಳ್ಳುವ ಪ್ರತಿಯೊಂದು ಬಾವುಟವೂ ಖಾದಿಯದ್ದೇ ಆಗಿರಬೇಕು ಅಂತ ಒಂದು ಸಾಲಿನ ಆದೇಶ ಮಾಡುವುದಕ್ಕೆ ಏನು ಅಡ್ಡಿ? ಶಾಲೆಗಳೂ ಅದರಲ್ಲಿ ಸೇರಲಿ. ಕೊಳ್ಳುವವರು ಮಾನದಂಡದ ಮುದ್ರೆ ಇದೆಯಾ, ಮೂರಕ್ಕೆ ಎರಡರ ಅಳತೆ ಇದೆಯಾ ನೋಡಿ ಕೊಳ್ಳಲಿ. ಬಾವುಟ ಹರಿದರೆ ಅದನ್ನು ನೆಲ ಒರೆಸುವುದಕ್ಕೋ ಕಸದ ಬುಟ್ಟಿಗೋ ಹಾಕಬಾರದು, ಯಾರ ಕಣ್ಣಿಗೂ ಬೀಳದ ಕಡೆ ಗೌರವದಿಂದ ಪೂರ್ತಿಯಾಗಿ, ಆದಷ್ಟು ಸುಟ್ಟೇ, ನಾಶ ಮಾಡಬೇಕು ಅಂತ ಸಂಹಿತೆ ಹೇಳುತ್ತದೆ. ಖಾದಿಯಾದರೆ ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಕರಿ ಮುದ್ದೆಯಾಗಿ ಕೂರುತ್ತದೆ. ಆಗಸ್ಟ್ ಹದಿನಾರರ ಬೆಳಿಗ್ಗೆ ರಸ್ತೆ ಬದಿಯಲ್ಲಿ ಬಿದ್ದಿರುವ ರಾಶಿ ರಾಶಿ ಬಾವುಟಗಳನ್ನು ಏನು ಮಾಡಬೇಕು ಅಂತ ಆ ತಿದ್ದುಪಡಿ ಬರೆದವರೇ ಹೇಳಬೇಕು.